ಬಲಗಾಲು ಒತ್ತಿದರೆ

ಹುಣಸೂರಿನ ಸಾ ಮಿಲ್ ಸಾಲಿನಲ್ಲಿ ಸರ್ದಾರ್ ಪಾಷಾನ ಬಡಗಿ ಅಂಗಡಿ ಗೊತ್ತಿಲ್ಲದವರು ಕಡಿಮೆ. ಬಾಗಿಲು, ಕಿಟಕಿ, ಮಂಚ, ಮೇಜು ಏನು ಬೇಕಾದರೂ ಮಾಡಿಕೊಡುತ್ತಿದ್ದ; ಜೊತೆಗೆ ಯಾರೂ ಕೇಳದಿದ್ದರೂ ನಾಲ್ಕು ಬುದ್ಧಿಮಾತನ್ನೂ ಕೊಡುತ್ತಿದ್ದ. ಕೈಯಿಂದ ಆಗುವ ಕೆಲಸ ಯಾವುದೇ ಇರಲಿ, ಕೈಗೆ ಕಲಿಸಿದರೆ ಬಂದೇ ಬರುತ್ತದೆ ಅನ್ನುವುದು ಅವನ ಖಾಯಂ ಮಾತು. ಆ ಮಾತೇ ಅವನ ಕುತ್ತಿಗೆಗೆ ಬಂತು. ಅದನ್ನೇ ಹೇಳಹೊರಟಿದ್ದೇನೆ.

ತೊಂಬತ್ತೆಂಟನೇ ಇಸವಿಯ ಜೂನ್ ಮೊದಲ ವಾರ ಅವನ ಮಗಳು ಶಾಜಿಯಾಗೆ ವಾಯುಪಡೆಯಿಂದ ಒಂದು ಕಾಗದ ಬಂತು. ಹುಡುಗಿ ದಿನಾ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಬಂದು ಬಿ.ಎಸ್ಸಿ. ಮುಗಿಸಿದವಳು. ಅಲ್ಲೇ ಎನ್‌ಸಿಸಿಗೆ ಸೇರಿ ವಿಮಾನದ ಹುಚ್ಚು ಹತ್ತಿಸಿಕೊಂಡಿದ್ದಳು. ಹೆಣ್ಣುಮಕ್ಕಳನ್ನೂ ಪೈಲಟ್ ತರಬೇತಿಗೆ ತೆಗೆದುಕೊಳ್ಳಲು ಶುರುಮಾಡಿ ಆಗ ನಾಲ್ಕೈದು ವರ್ಷ ಆಗಿತ್ತಷ್ಟೆ. ಅರ್ಜಿ ಹಾಕಿದ್ದಳು, ಕರೆ ಬಂತು. ಜುಲೈ ಮಧ್ಯದಲ್ಲಿ ಮೈಸೂರಿನಲ್ಲೇ ಆಯ್ಕೆ, ಐದು ದಿನ ಅಲ್ಲೇ ಇರಬೇಕು. ಬೀದಿಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಪಾಷಾ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಎರಡು ದಿನ ಟೀ ಅಂಗಡಿ, ಟಿಂಬರ್ ಡಿಪೋ, ಮಸೀದಿ ಎಲ್ಲಾ ಕಡೆ ತೋರಿಸಿಕೊಂಡು ಬಂದ.

ಅವನ ಹೆಂಡತಿ ಅಜ್ಮತುನ್ನೀಸಾ ಮಾತ್ರ ಹಿಗ್ಗಲೂ ಇಲ್ಲ, ಕುಗ್ಗಲೂ ಇಲ್ಲ. ಅವರ ಮನೆಯೊಳಗಿನ ಮಾತು ಉರ್ದು. ನಾನು ಕನ್ನಡದಲ್ಲೇ ಹೇಳುತ್ತೇನೆ.

"ಇವಳು ಸೈಕಲ್ ಮೇಲಿಂದ ಎರಡು ಸಲ ಬಿದ್ದಿದ್ದಾಳೆ. ಆಗ ಮೊಣಕಾಲಿಗೆ ಅರಿಶಿನ ಹಚ್ಚಿದೆ. ಅಷ್ಟು ಮೇಲಿಂದ ಬಿದ್ದರೆ ಎಲ್ಲಿಗೆ ಅಂತ ಹಚ್ಚಲಿ?" ಅಂದಳು.

ಅದೇ ವಾರ ಬೆಟ್ಟದಪುರದ ಲಿಂಗರಾಜು ಅಂಗಡಿಗೆ ಬಂದ. ಹೊಗೆಸೊಪ್ಪು ಬೆಳೆಯುವ ಮನೆಯವನು. ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಹೊಸ ಬಾಗಿಲು ಬೇಕಾಗಿತ್ತು. ಪಾಷಾ ಅಳತೆ ಬರೆದುಕೊಳ್ಳುವುದು ಬಿಟ್ಟು ಜೇಬಿನಿಂದ ಕಾಗದ ತೆಗೆದ. ಲಿಂಗರಾಜು ಓದಿ, ಮಡಿಚಿ, ವಾಪಸ್ ಕೊಟ್ಟ.

"ನಾನೂ ಓಗಿದ್ದೆ ಕಣ್ ಸರ್ದಾರಣ್ಣ. ಮೂರು ವರ್ಷ ಆಯ್ತು," ಅಂದ.

ಪಾಷಾ ಅವನನ್ನು ಎದ್ದು ಹೋಗಲು ಬಿಡುತ್ತಾನೆಯೇ? ಟೀ ತರಿಸಿದ. ಲಿಂಗರಾಜು ಎಲ್ಲವನ್ನೂ ಹೇಳಿದ. ಮೊದಲ ನಾಲ್ಕು ದಿನ ಬರೆಸುತ್ತಾರೆ, ಮಾತಾಡಿಸುತ್ತಾರೆ, ಮೈದಾನದಲ್ಲಿ ಓಡಾಡಿಸುತ್ತಾರೆ. ಅದರಲ್ಲಿ ಉಳಿದವರಿಗೆ ಕೊನೆಯ ದಿನ ಇನ್ನೊಂದು ಪರೀಕ್ಷೆ. ಮೊದಲು ವಿಮಾನದ ಗಡಿಯಾರಗಳ ಚಿತ್ರ ಕೊಟ್ಟು, ಮುಳ್ಳು ನೋಡಿ ವಿಮಾನ ಹೇಗೆ ಹೋಗುತ್ತಿದೆ ಅಂತ ಹೇಳುವ ಪೇಪರ್. ಆಮೇಲೆ ಮಿಷನ್.

"ಕುರ್ಚಿ ಮೇಲೆ ಕೂರ್ಸ್ತಾರೆ. ಮುಂದೆ ಟೀವಿ ತರ ಒಂದು ಪರದೆ, ಅದ್ರಲ್ಲೊಂದು ಚುಕ್ಕಿ. ಅದು ಅತ್ತ ಇತ್ತ ಓಡ್ತಾ ಇರ್ತದೆ. ಅದನ್ನ ನಡೂಮಧ್ಯದ ಚೌಕದಾಗೆ ಇಟ್ಕಬೇಕು. ಕೈಯಾಗೊಂದು ಕೋಲು, ಮೇಲೆ ಕೆಳಗೆ ಮಾಡಾಕೆ. ಕಾಲ ಕೆಳಗೆ ಎರಡು ಪೆಡಲ್ಲು, ಎಡಕ್ಕೆ ಬಲಕ್ಕೆ ಮಾಡಾಕೆ. ಅದ್ರ ಮಧ್ಯೆ ಕಿವಿಗೆ ಸದ್ದು ಬೇರೆ ಕೊಡ್ತಾರೆ. ತಲೆ, ಕಣ್ಣು, ಕೈ, ಕಾಲು ಎಲ್ಲಾ ಒಟ್ಟಿಗೆ ಎಂಗೆ ಓಡ್ತವೆ ಅಂತ ನೋಡಾದು."

"ಮೊದಲೇ ಅಭ್ಯಾಸ ಮಾಡಿಕೊಂಡು ಹೋಗಬಹುದಲ್ಲ?"

"ಅಭ್ಯಾಸ ಮಾಡಿ ಬರಾದಲ್ಲ ಅಂತಾರೆ ಅವ್ರು. ಇನ್ನೊಂದು ಏಳ್ತೀನಿ ಕೇಳಿ. ಜೀವಮಾನದಾಗೆ ಒಂದೇ ಸಲ ಅದು. ಫೇಲಾದ್ರೆ ಮುಗೀತು. ಇನ್ಯಾವತ್ತೂ ಆ ಕುರ್ಚಿ ಮೇಲೆ ಕೂರ್ಸಲ್ಲ."

"ನಿನಗೆ ಎಲ್ಲಿ ತಪ್ಪಾಯಿತು ಅಂತ ಹೇಳಿದರಾ?"

"ಊಹೂಂ. ಮಾರ್ಕ್ಸೂ ಇಲ್ಲ ಗೀರ್ಕ್ಸೂ ಇಲ್ಲ. ಪಾಸಾದೋರ ನಂಬರ್ ಕೂಗ್ತಾರೆ, ಉಳಿದೋರು ಚೀಲ ಎತ್ಕೊಂಡು ಬರಾದು. ಪೇಪರಾಗೆ ಓಯ್ತೋ, ಕೈಯಾಗೆ ಓಯ್ತೋ, ಕಾಲಾಗೆ ಓಯ್ತೋ, ಇವತ್ತಿಗೂ ನಂಗೆ ಗೊತ್ತಿಲ್ಲ. ಒಂದೊಂದ್ ದಿನ ಸೊಪ್ಪು ಕಟ್ತಾ ಕಟ್ತಾ ಅದೇ ಗ್ಯಾನ ಬತ್ತದೆ," ಅಂದ ಲಿಂಗರಾಜು.

ಶಾಜಿಯಾ ಆ ಹೊತ್ತಿಗೆ ಅಲ್ಲಿರಲಿಲ್ಲ, ಅಂಕಪಟ್ಟಿ ತರಲು ಮೈಸೂರಿಗೆ ಹೋಗಿದ್ದಳು. ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ.

ಅಭ್ಯಾಸ ಮಾಡಿ ಬರುವುದಲ್ಲ ಅನ್ನುವ ಮಾತು ಪಾಷಾನಿಗೆ ಸುತರಾಂ ಹಿಡಿಸಲಿಲ್ಲ. ಅವನ ಇಡೀ ಜೀವನವೇ ಅಭ್ಯಾಸ ಮಾಡಿ ಬಂದದ್ದು. ಲಿಂಗರಾಜುವನ್ನು ಕೂರಿಸಿಕೊಂಡು ಇನ್ನೊಂದು ಗಂಟೆ ಪ್ರಶ್ನೆ ಕೇಳಿದ. ಕುರ್ಚಿ ಎಷ್ಟು ಎತ್ತರ, ಪೆಡಲ್ಲಿಗೂ ಕುರ್ಚಿಗೂ ಎಷ್ಟು ದೂರ, ಪೆಡಲ್ಲು ಬಿಗಿಯೋ ಸಡಿಲವೋ, ಕೋಲು ಯಾವ ಕೈಗೆ, ಚೌಕ ಎಷ್ಟು ಇಂಚು. ಒಂದನ್ನೂ ಬಿಡಲಿಲ್ಲ ಅಂದುಕೊಂಡ.

ಬಂದ ಗಿರಾಕಿಗಳಿಗೆಲ್ಲ ನಾಳೆ ಬಾ ನಾಡಿದ್ದು ಬಾ ಅಂತ ಹೇಳಿ ನಾಲ್ಕು ದಿನದಲ್ಲಿ ಒಂದು ಮಿಷನ್ ಎಬ್ಬಿಸಿದ. ಸಿಲ್ವರ್ ಓಕ್ ಹಲಗೆಯ ಪೆಟ್ಟಿಗೆ, ಅದರ ಮುಖಕ್ಕೆ ಊಟದ ತಟ್ಟೆಯಷ್ಟು ಕಿಂಡಿ, ಕಿಂಡಿಯ ನಡುವೆ ಸುಣ್ಣದಲ್ಲಿ ಬರೆದ ಚೌಕ, ಒಳಗೆ ತಂತಿಗೆ ಕಟ್ಟಿದ ಒಂದು ಕೆಂಪು ಮಣಿ. ಬಲಗೈಗೆ ಕಬ್ಬಿಣದ ಕೋಲು. ಕಾಲಿಗೆ ಒಂದು ಅಡ್ಡಹಲಗೆ. ನಡುವೆ ಬೋಲ್ಟು, ಎರಡು ತುದಿಗೂ ನೈಲಾನ್ ಹಗ್ಗ, ಹಗ್ಗ ಸಣ್ಣ ರಾಟೆಗಳ ಮೇಲೆ ಹಾದು ಮಣಿಗೆ. ಬಲಗಾಲು ಮುಂದಕ್ಕೆ ಒತ್ತಿದರೆ ಎಡಗಡೆಯ ಹಗ್ಗ ಬಿಗಿದು ಮಣಿ ಎಡಕ್ಕೆ ಓಡುತ್ತಿತ್ತು. ಸೈಕಲ್ಲಿನಲ್ಲಿ ಬಲಗೈ ಮುಂದಕ್ಕೆ ತಳ್ಳಿದರೆ ಚಕ್ರ ಎಡಕ್ಕೆ ಹೊರಳುತ್ತದಲ್ಲ, ಹಾಗೆ. ಮೂವತ್ತು ವರ್ಷ ಸೈಕಲ್ ಹಿಂದೆ ಬಾಗಿಲು ಕಟ್ಟಿಕೊಂಡು ಊರೂರು ತಿರುಗಿದವನಿಗೆ ಅದರಲ್ಲಿ ಕೇಳುವಂಥದ್ದು ಏನೂ ಕಾಣಲಿಲ್ಲ.

ಪೆಟ್ಟಿಗೆಯ ಹಿಂದೆ ಒಂದು ಹಿಡಿ ಇತ್ತು. ಅದನ್ನು ತಿರುಗಿಸಿ ಮಣಿಯನ್ನು ಎತ್ತೆತ್ತಲೋ ಓಡಿಸುವ ಕೆಲಸ ಅಜ್ಮತ್‌ಳದು. ಒಂದು ಕೈಯಲ್ಲಿ ಅವರೆಕಾಳು ಆರಿಸುತ್ತ ಇನ್ನೊಂದು ಕೈಯಲ್ಲಿ ಹಿಡಿ ತಿರುಗಿಸುತ್ತಿದ್ದಳು. ಕೈ ನೋಯುತ್ತದೆ ಅಂತ ಇಪ್ಪತ್ತು ಸಲಕ್ಕೆ ನಿಲ್ಲಿಸುತ್ತಿದ್ದಳು. ಹಾಗಾಗಿ ಒಂದು ಆಟ ಅಂದರೆ ಇಪ್ಪತ್ತು. ಮೊದಲ ದಿನ ಶಾಜಿಯಾ ಇಪ್ಪತ್ತರಲ್ಲಿ ಐದು ಸಲ ಮಣಿಯನ್ನು ಚೌಕಕ್ಕೆ ತಂದಳು. ವಾರಕ್ಕೆ ಹನ್ನೆರಡು. ಜುಲೈ ಹೊತ್ತಿಗೆ ಹತ್ತೊಂಬತ್ತು. ಮಣಿ ಅಲುಗುವ ಮೊದಲೇ ಅವಳ ಕಾಲಿಗೆ ಗೊತ್ತಾಗುತ್ತಿತ್ತು. ಅಜ್ಮತ್ ಬೇಕೆಂದೇ ಮೋಸ ಮಾಡಿ ಗಕ್ಕನೆ ಎಳೆದರೂ ಹುಡುಗಿ ಬಿಡುತ್ತಿರಲಿಲ್ಲ.

"ಆ ಮಿಷನ್ ಮಾಡಿದವನಿಗೂ ನನಗೂ ಏನು ವ್ಯತ್ಯಾಸ ಹೇಳು. ಅವನಿಗೆ ಸಂಬಳ ಬರುತ್ತೆ, ಅಷ್ಟೇ," ಅಂತ ಪಾಷಾ ಹೆಂಡತಿಯ ಮುಂದೆ ಬೀಗಿದ.

ಸೋಮವಾರ ಹೊರಡಬೇಕು ಅನ್ನುವಾಗ ಹಿಂದಿನ ಶುಕ್ರವಾರ ಮಧ್ಯಾಹ್ನ ಲಿಂಗರಾಜು ಬಾಗಿಲು ಏನಾಯಿತು ಅಂತ ನೋಡಲು ಬಂದ. ಶಾಜಿಯಾ ಕ್ಯಾನ್ವಾಸ್ ಶೂ ಕೊಳ್ಳಲು ಮೈಸೂರಿಗೆ ಹೋಗಿದ್ದಳು. ಬಾಗಿಲು ಇನ್ನೂ ಆಗಿರಲಿಲ್ಲ. ಅದನ್ನು ಮರೆಸುವುದಕ್ಕೇ ಪಾಷಾ ಅವನನ್ನು ಮಿಷನ್ ಮುಂದೆ ಕೂರಿಸಿ, ತಾನೇ ಹಿಂದೆ ಹೋಗಿ ಹಿಡಿ ತಿರುಗಿಸಿದ. ಲಿಂಗರಾಜು ಒಂದು ಸಲ ಒತ್ತಿದ, ಎರಡು ಸಲ ಒತ್ತಿದ, ಮಣಿ ಕಿಂಡಿಯ ಅಂಚಿಗೆ ಹೋಗಿ ಬಡಿಯಿತು.

"ಇದೇನ್ ಸರ್ದಾರಣ್ಣ, ಬಲಗಾಲು ಒತ್ತಿದ್ರೆ ಎಡಕ್ಕೆ ಓಯ್ತದೆ?"

"ಮತ್ತೆ? ಎಡಕ್ಕೆ ತಾನೆ ಹೋಗಬೇಕು."

"ಅಲ್ಲಿ ಬಲಕ್ಕೆ ಓಯ್ತದೆ ಕಣಣ್ಣ. ಬಲಗಾಲಿಗೆ ಬಲಕ್ಕೆ, ಎಡಗಾಲಿಗೆ ಎಡಕ್ಕೆ. ವಿಮಾನದಾಗೇ ಅಂಗಂತೆ."

ಪೆಟ್ಟಿಗೆಯ ಹಿಂದಿನಿಂದ ಎದ್ದು ಬರಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಕುರ್ಚಿಯ ಎತ್ತರ ಕೇಳಿದ್ದ, ಪೆಡಲ್ಲಿನ ಬಿಗಿ ಕೇಳಿದ್ದ. ಯಾವ ಕಾಲು ಒತ್ತಿದರೆ ಯಾವ ಕಡೆ ಅಂತ ಕೇಳಬೇಕು ಅನ್ನುವುದೇ ತೋಚಿರಲಿಲ್ಲ. ಲಿಂಗರಾಜು ಕೂತಲ್ಲಿಂದ ಎದ್ದ. ನಾನೇ ಹೇಳಬೇಕಿತ್ತು, ನಾನೇ ಹೇಳಬೇಕಿತ್ತು ಅಂತ ನಾಲ್ಕು ಸಲ ಅಂದು, ಬಾಗಿಲಿನ ವಿಷಯ ಎತ್ತದೆ ಹೊರಟುಹೋದ.

ಶಾಜಿಯಾ ಬರುವ ಸಂಜೆಯ ಬಸ್ಸಿಗೆ ಇನ್ನೂ ಮೂರು ಗಂಟೆ ಇತ್ತು. ಪಾಷಾ ಮರದ ದಿಮ್ಮಿಯ ಮೇಲೆ ತಲೆಯ ಮೇಲೆ ಕೈಹೊತ್ತು ಕೂತ. ಅವನು ಹುಟ್ಟಾ ಎಡಚ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಉಸ್ತಾದ್ ಅವನ ಎಡಗೈಯನ್ನು ಸೊಂಟಕ್ಕೆ ಕಟ್ಟಿ ಬಲಗೈಯಲ್ಲಿ ಮರ ನಯಮಾಡುವ ಹತ್ತರಿ ಹೊಡೆಸಿದ್ದರು. ಮರದ ಮೇಲೆ ಹತ್ತರಿ ನೆಟ್ಟಗೆ ಓಡಲು ಆರು ತಿಂಗಳು ಬೇಕಾಯಿತು. ಇವತ್ತಿಗೂ ಉಳಿ ಕೈತಪ್ಪಿ ಬಿದ್ದರೆ ಹಿಡಿಯಲು ಮೊದಲು ಹೋಗುವುದು ಎಡಗೈಯೇ. ಹಾಗಿರುವಾಗ ಮೂರು ದಿನದಲ್ಲಿ ಕಾಲಿಗೆ ಏನು ಕಲಿಸುವುದು, ಏನು ಮರೆಸುವುದು? ಹೇಳದೇ ಇದ್ದರೆ ಹುಡುಗಿ ಧೈರ್ಯವಾಗಿಯಾದರೂ ಹೋಗುತ್ತಾಳೆ. ಅಲ್ಲಿ ಹೇಗೂ ಮೊದಲು ವಿವರಿಸಿ ಹೇಳುತ್ತಾರಂತೆ, ಆಗ ತಿದ್ದಿಕೊಂಡಾಳು. ಹೇಳಿದರೆ ಹೆದರಿಕೆಯನ್ನೂ ಕಟ್ಟಿಕೊಟ್ಟ ಹಾಗೆ.

ಹೀಗೆಲ್ಲ ಲೆಕ್ಕ ಹಾಕಿದ. ಆದರೆ ಬಿರುಕು ಬಿಟ್ಟ ಹಲಗೆಗೆ ಮರದ ಪುಡಿ, ಗೋಂದು ಕಲಸಿ ತುಂಬಿ, ಮೇಲೆ ಪಾಲಿಷ್ ಹೊಡೆದು ಮಾರುವವರನ್ನು ಕಂಡರೆ ಪಾಷಾನಿಗೆ ಆಗುತ್ತಿರಲಿಲ್ಲ. ಅಂಥವರ ಜೊತೆ ಟೀ ಸಹ ಕುಡಿಯುತ್ತಿರಲಿಲ್ಲ. ಈಗ ಸ್ವಂತ ಮಗಳಿಗೆ ಅದನ್ನೇ ಮಾಡುವುದೇ?

ಶಾಜಿಯಾ ಬಂದು ಹೊಸ ಶೂ ತೋರಿಸಿದಳು. ಚೆನ್ನಾಗಿದೆ ಅಂದ. ಆಮೇಲೆ ಹೇಳಿದ. ತಪ್ಪೆಲ್ಲ ತನ್ನದೇ ಅಂತಲೂ ಹೇಳಿದ. ಅಜ್ಮತ್ ಒಳಗಿಂದ ಬಂದು ಬಾಗಿಲಲ್ಲಿ ನಿಂತಳು.

ಶಾಜಿಯಾ ಶೂಗಳನ್ನು ಡಬ್ಬಿಯೊಳಗಿಟ್ಟು ಮುಚ್ಚಿದಳು.

"ಹಗ್ಗ ಅದಲು ಬದಲು ಮಾಡಲು ಎಷ್ಟು ಹೊತ್ತು ಬೇಕು ಅಬ್ಬಾ?"

"ಅರ್ಧ ಗಂಟೆ."

"ಮಾಡಿ ಹಾಗಾದರೆ. ಅಮ್ಮಿ, ನೀವು ಬನ್ನಿ, ಹಿಡಿ ತಿರುಗಿಸಿ."

ಆ ಶುಕ್ರವಾರ ಸಂಜೆ ಇಪ್ಪತ್ತಕ್ಕೆ ಮೂರು ಬಂತು. ಮೊದಲ ದಿನ ಏನೂ ಗೊತ್ತಿಲ್ಲದಾಗ ಬಂದದ್ದು ಐದು. ಕಾಲು ತನ್ನ ಪಾಡಿಗೆ ತಾನು ಹಳೆಯ ಕಡೆಗೇ ಹೋಗುತ್ತಿತ್ತು, ಅವಳು ತುಟಿ ಕಚ್ಚಿ ವಾಪಸ್ ಎಳೆಯುವಷ್ಟರಲ್ಲಿ ಮಣಿ ಅಂಚು ಮುಟ್ಟಿರುತ್ತಿತ್ತು. ಶನಿವಾರ ಬೆಳಗ್ಗೆಯಿಂದ ಕೂತು ಎಂಟಕ್ಕೆ ತಂದಳು. ಭಾನುವಾರ ಹನ್ನೆರಡು, ಸಂಜೆಯ ಕೊನೆಯ ಆಟದಲ್ಲಿ ಹದಿಮೂರು. ಅಜ್ಮತ್‌ಳ ಅಂಗೈಯಲ್ಲಿ ಗುಳ್ಳೆ ಎದ್ದಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಇನ್ನೊಂದು ವಾರ ಇದ್ದಿದ್ದರೆ," ಅಂದ ಪಾಷಾ.

"ಇಲ್ಲವಲ್ಲ ಅಬ್ಬಾ," ಅಂದಳು ಶಾಜಿಯಾ. ಸಿಟ್ಟಿನಿಂದ ಅನ್ನಲಿಲ್ಲ. ಸಿಟ್ಟಿನಿಂದ ಅಂದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಸೋಮವಾರ ಹೋದವಳು ಬುಧವಾರ ಎದುರು ಎಸ್‌ಟಿಡಿ ಅಂಗಡಿಗೆ ಫೋನ್ ಮಾಡಿದಳು. ಬಂದಿದ್ದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ಮನೆಗೆ ಹೋಗಿದ್ದರು, ಇವಳು ಉಳಿದಿದ್ದಳು. ಗುರುವಾರ ಮತ್ತೆ ಮಾಡಿದಳು. ಎಲ್ಲ ಆಯಿತು, ನಾಳೆ ಗಡಿಯಾರದ ಪೇಪರ್, ಮಿಷನ್ ಅಷ್ಟೇ ಬಾಕಿ. ಪಾಷಾನಿಗೆ ಸಂತೋಷವಾಗಬೇಕಾದ ಮಾತು. ಆದರೆ ಅವನಿಗೆ ಹೊಳೆದದ್ದು ಬೇರೆ. ಬೇರೆ ಎಲ್ಲದರಲ್ಲೂ ಗೆದ್ದು, ಅಪ್ಪ ಕೈಹಾಕಿದ ಒಂದರಲ್ಲಿ ಸೋತರೆ ಆ ಹುಡುಗಿ ಯಾರ ಮುಖ ನೋಡಬೇಕು?

ಶುಕ್ರವಾರ ನಮಾಜ್ ಮುಗಿಸಿ ನೇರ ಬಸ್ ಸ್ಟ್ಯಾಂಡಿಗೆ ಹೋದ. ಮೈಸೂರಿನ ಆರು ಬಸ್ಸು ಬಂದುಹೋದವು. ಏಳನೆಯದರಿಂದ ಶಾಜಿಯಾ ಇಳಿದಳು. ಅವನು ಮುಖ ನೋಡಲಿಲ್ಲ, ಶೂ ನೋಡಿದ. ಐದೇ ದಿನಕ್ಕೆ ಕೆಸರಾಗಿದ್ದವು.

"ಆಗಲಿಲ್ಲ ಅಬ್ಬಾ."

ಅವನು ಚೀಲ ತೆಗೆದುಕೊಂಡ. ಇಬ್ಬರೂ ಸೇತುವೆ ದಾಟಿದರು. ಕೊನೆಗೆ ಅವಳೇ ಹೇಳಿದಳು.

"ಕಾಲಿನದು ಚೆನ್ನಾಗೇ ಆಯಿತು ಅಬ್ಬಾ. ಇಪ್ಪತ್ತಕ್ಕೆ ಹದಿನೇಳು ಬಂತು. ಗಡಿಯಾರದ ಪೇಪರಿನಲ್ಲಿ ಹೋಯಿತು."

"ಅವರೇ ಹೇಳಿದರಾ?"

"ಹೂಂ. ಒಬ್ಬೊಬ್ಬರನ್ನೇ ಕರೆದು ಕೂರಿಸಿ ಹೇಳಿದರು. ಮಿಷನ್ ತುಂಬಾ ಚೆನ್ನಾಗಿ ಮಾಡಿದ್ದೀಯಮ್ಮ, ಪೇಪರಿನಲ್ಲಿ ಮಾತ್ರ ಕಡಿಮೆ ಅಂದರು."

ಪಾಷಾ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಮಾರ್ಕ್ಸೂ ಇಲ್ಲ ಗೀರ್ಕ್ಸೂ ಇಲ್ಲ ಅಂದಿದ್ದ ಲಿಂಗರಾಜು. ಮೂರು ವರ್ಷದಿಂದ ಹೊಗೆಸೊಪ್ಪು ಕಟ್ಟುತ್ತ ಅದನ್ನೇ ಯೋಚಿಸುತ್ತಿದ್ದ. ಅವನಿಗೆ ಹೇಳದೆ ಇವಳೊಬ್ಬಳನ್ನು ಕೂರಿಸಿ ಹೇಳಿದರೇ? ಅದೂ ಇರಲಿ. ಇಪ್ಪತ್ತು ಅನ್ನುವುದು ಅಜ್ಮತ್‌ಳ ಕೈನೋವಿನ ಲೆಕ್ಕ. ವಾಯುಪಡೆಯವರಿಗೂ ಸರಿಯಾಗಿ ಇಪ್ಪತ್ತಕ್ಕೇ ಕೈ ನೋಯಿತೇ?

ನಡುರಸ್ತೆಯಲ್ಲೇ ಕುಕ್ಕರಿಸಿ ಅತ್ತುಬಿಡಬೇಕು ಅನ್ನಿಸಿತು ಅವನಿಗೆ. ಸೋತು ಬಂದ ಹುಡುಗಿ, ಇನ್ನು ಜೀವಮಾನದಲ್ಲಿ ಆ ಕುರ್ಚಿ ಅವಳಿಗಿಲ್ಲ. ನಲವತ್ತೈದು ಕಿಲೋಮೀಟರ್ ಬಸ್ಸಿನಲ್ಲಿ ಕೂತು ಅವಳು ತನಗಾಗಿ ಅಳಲಿಲ್ಲ, ಅಪ್ಪನಿಗೆ ಏನು ಹೇಳಲಿ ಅಂತ ಹದಿನೇಳನ್ನು ಜೋಡಿಸಿಕೊಂಡು ಬಂದಿದ್ದಾಳೆ.

"ಪೇಪರ್ ಕಷ್ಟ ಇತ್ತೇನೋ," ಅಂದ.

"ಬಹಳ ಕಷ್ಟ ಇತ್ತು ಅಬ್ಬಾ."

ಮನೆಯಲ್ಲಿ ಅಜ್ಮತ್‌ಗೂ ಹಾಗೆಯೇ ಹೇಳಿದಳು. ಅಜ್ಮತ್ ಮಗಳ ಮುಖವನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿದಳು. "ಹದಿನೇಳಾ? ಹಾಗಾದರೆ ಅವರು ನನಗಿಂತ ನಿಧಾನ ತಿರುಗಿಸಿರಬೇಕು," ಅಂದು ತಟ್ಟೆ ಹಾಕಿದಳು.

ಮರುದಿನದಿಂದ ಪಾಷಾ ಒಂದು ಕೆಲಸ ಮಾಡಿದ. ಹೋಯಿತಂತಲ್ಲ ಅಂತ ಕೇಳಿದವರಿಗೆಲ್ಲ, ಟೀ ಅಂಗಡಿ, ಟಿಂಬರ್ ಡಿಪೋ, ಮಸೀದಿ ಒಂದನ್ನೂ ಬಿಡದೆ, ಮಿಷನ್ನಿನಲ್ಲಿ ಇಪ್ಪತ್ತಕ್ಕೆ ಹದಿನೇಳು ಕಣ್ರೀ, ಪೇಪರಿನಲ್ಲಿ ಸ್ವಲ್ಪ ಕಮ್ಮಿಯಾಯಿತು ಅಂತ ಹೇಳಿಕೊಂಡು ಬಂದ. ಮಗಳು ಕೊಟ್ಟದ್ದನ್ನು ತೆಗೆದುಕೊಂಡಿದ್ದೇನೆ ಅಂತ ಅವಳಿಗೆ ತೋರಿಸಲು ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಮಿಷನ್ ಬಿಚ್ಚಿಹಾಕಲು ಹೋದಾಗ ಶಾಜಿಯಾ ಬೇಡ ಅಂದಳು. ಅದು ಅಂಗಡಿಯ ಮೂಲೆಯಲ್ಲಿ ಉಳಿಯಿತು, ಅದರ ಮೇಲೆ ಮೊಳೆ ಡಬ್ಬಿಗಳನ್ನಿಟ್ಟ. ಹಾರುವುದಲ್ಲದೆ ನೆಲದ ಮೇಲಿನ ಕೆಲಸಗಳಿಗೂ ವಾಯುಪಡೆಯಲ್ಲಿ ಅರ್ಜಿ ಹಾಕಬಹುದಂತೆ. ಆ ಫಾರಂ ಅವಳ ಪುಸ್ತಕದೊಳಗಿತ್ತು, ಇನ್ನೂ ಬರೆದಿರಲಿಲ್ಲ.

ಮುಂದಿನ ವಾರದ ಭಾನುವಾರ ಲಿಂಗರಾಜು ಬಂದ. ಬಾಗಿಲು ಸಿದ್ಧವಾಗಿತ್ತು. ಅವನು ಬಾಗಿಲು ನೋಡದೆ ಪಾಷಾನ ಮುಖ ನೋಡುತ್ತ ನಿಂತ, ಕೇಳಲು ಅವನಿಗೂ ಹೆದರಿಕೆ.

"ಆಗಲಿಲ್ಲ ಕಣಪ್ಪ. ಕಾಲಿನದರಲ್ಲಿ ಇಪ್ಪತ್ತಕ್ಕೆ ಹದಿನೇಳು ಬಂತಂತೆ. ಪೇಪರಿನಲ್ಲಿ ಹೋಯಿತಂತೆ. ಕರೆದು ಕೂರಿಸಿ ಹೇಳಿದರಂತೆ," ಅಂದ ಪಾಷಾ, ಬೀದಿಗೆಲ್ಲ ಹೇಳಿ ರೂಢಿಯಾದ ದನಿಯಲ್ಲೇ.

ಅದೇ ಹೊತ್ತಿಗೆ ಶಾಜಿಯಾ ಟೀ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಳು. ಲಿಂಗರಾಜುವನ್ನು ಕಂಡು ನಿಂತಳು. ಇವನೂ ಆ ಕುರ್ಚಿಯ ಮೇಲೆ ಕೂತು ಬಂದವನು ಅಂತ ಅಪ್ಪ ಹಿಂದೆ ಹೇಳಿದ್ದು ಅವಳಿಗೆ ಈಗ ನೆನಪಾಯಿತು. ಅಲ್ಲಿ ಯಾರನ್ನೂ ಕರೆದು ಮಾರ್ಕ್ಸ್ ಹೇಳುವುದಿಲ್ಲ ಅನ್ನುವುದು ಅವನಿಗೂ ಗೊತ್ತಿರುತ್ತದೆ.

"ಮಾರ್ಕ್ಸಾ?" ಅಂತ ಲಿಂಗರಾಜು ಬಾಯಿ ತೆರೆದ. ಪಾಷಾ ಅವನನ್ನೇ ನೋಡುತ್ತಿದ್ದ. ಲಿಂಗರಾಜು ಬಾಯಿ ಮುಚ್ಚಿದ, ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ, ಮತ್ತೆ ಹೆಗಲಿಗೆ ಹಾಕಿಕೊಂಡ.

"ನಂದೂ ಅಂಗೇ ಆಗಿದ್ದು ಕಣವ್ವ. ಕಾಲಾಗೆ ಚೆನ್ನಾಗಿ ಬಂದಿತ್ತು. ಪೇಪರಾಗೇ ಓಗಿದ್ದು," ಅಂದ.

"ನಿಮಗೂ ಕರೆದು ಹೇಳಿದರಾ ಅಣ್ಣಾ?" ಶಾಜಿಯಾಳ ದನಿ ಸಣ್ಣಗಿತ್ತು.

"ಊಂ ಕಣವ್ವ. ಕೂರ್ಸ್ಕೊಂಡು ಏಳಿದ್ರು."

"ಎಷ್ಟು ಬಂದಿತ್ತು?"

ಲಿಂಗರಾಜು ತಬ್ಬಿಬ್ಬಾಗಿ ಪಾಷಾನ ಕಡೆ ತಿರುಗಿದ. ಪಾಷಾ ನೆಲ ನೋಡುತ್ತ, "ಇಪ್ಪತ್ತಕ್ಕೆ," ಅಂದ.

"ಇಪ್ಪತ್ತಕ್ಕೆ ಅದಿನಾರು," ಅಂದ ಲಿಂಗರಾಜು. "ನಿಮಗಿಂತ ಒಂದು ಕಮ್ಮಿ."

ಶಾಜಿಯಾಗೆ ಮೊದಲು ಬಂದದ್ದು ನಗು. ಆ ಇಪ್ಪತ್ತು ಅಮ್ಮಿಯ ಕೈನೋವಿನಿಂದ ಬಂದದ್ದು ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಪ್ಪನಿಗೂ ಮೊದಲೇ ಗೊತ್ತಿತ್ತು ಅನ್ನುವುದು ಹೊಳೆದು, ನಗು ಅರ್ಧಕ್ಕೆ ಬಂದು ಬೇರೆಯೇ ಆಯಿತು. ತಟ್ಟೆಯನ್ನು ಮಿಷನ್ ಮೇಲಿಟ್ಟು, ಅಪ್ಪ ಕೂತಿದ್ದ ದಿಮ್ಮಿಯ ಮೇಲೆ ಕೂತು, ಐದು ದಿನವೂ ಬಸ್ಸಿನಲ್ಲೂ ಅಳದಿದ್ದುದನ್ನೆಲ್ಲ ಅಲ್ಲಿ ಅತ್ತಳು. ಪಾಷಾ ಮರದ ಪುಡಿ ಮೆತ್ತಿದ ಕೈಯನ್ನೇ ಅವಳ ತಲೆಯ ಮೇಲಿಟ್ಟ. ಎಡಗೈ. ಲಿಂಗರಾಜು ತಾನಾಗಿಯೇ ಹೋಗಿ ಬಾಗಿಲಿನ ಚಿಲಕ ಹಾಕಿ ತೆಗೆದು ನೋಡುತ್ತ ನಿಂತ.

ಸ್ವಲ್ಪ ಹೊತ್ತಾದ ಮೇಲೆ ಶಾಜಿಯಾ ದುಪ್ಪಟ್ಟಾದಲ್ಲಿ ಮೂಗು ಒರೆಸಿಕೊಂಡು, ಒಳಗೆ ಕೇಳಿಸದ ಹಾಗೆ ಹೇಳಿದಳು.

"ಅಮ್ಮಿಗೆ ಹೇಳಬೇಡಿ ಅಬ್ಬಾ. ಅವರು ನಂಬಿದ್ದಾರೆ."